ಹೊರಡುವ ಮೊದಲೇ ಮುಗಿಸುವ ಕೆಲಸ: ಹೊಸ ಚಾಲಕರು ಗಮನ ಕಾಯ್ದುಕೊಳ್ಳುವ ಬಗೆ

ಪರವಾನಗಿ ಕೈಗೆ ಬಂದ ಹೊಸದರಲ್ಲಿ ಚಾಲಕನ ತಲೆಯಲ್ಲಿ ಖಾಲಿ ಜಾಗವೇ ಇರುವುದಿಲ್ಲ. ಕ್ಲಚ್ ಎಷ್ಟು ಬಿಡಬೇಕು, ಗೇರ್ ಯಾವುದರಲ್ಲಿದೆ, ಪಕ್ಕದ ಗಾಡಿಗೂ ನನ್ನ ಕನ್ನಡಿಗೂ ಎಷ್ಟು ಅಂತರವಿದೆ, ಹಿಂದಿನವನು ಏಕೆ ಹಾರ್ನ್ ಹೊಡೆಯುತ್ತಿದ್ದಾನೆ, ಇಷ್ಟಕ್ಕೇ ಬುದ್ಧಿಯೆಲ್ಲ ಖರ್ಚಾಗಿರುತ್ತದೆ. ವರ್ಷಗಟ್ಟಲೆ ಓಡಿಸಿದವರಿಗೆ ಇವೆಲ್ಲ ಕೈಕಾಲಿಗೇ ಇಳಿದುಬಿಟ್ಟಿರುತ್ತವೆ. ಅವರು ಯೋಚಿಸದೆಯೇ ಗೇರ್ ಬದಲಿಸುತ್ತಾರೆ. ಅಂಥವರೊಬ್ಬರು ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುವುದನ್ನು ನೋಡಿದಾಗ ಅದೇನೂ ಕಷ್ಟವಲ್ಲ ಎಂದು ಹೊಸಬರಿಗೆ ಅನ್ನಿಸುತ್ತದೆ. ಅವರು ಮಾಡುತ್ತಿರುವುದೂ ತಪ್ಪೇ. ಆದರೆ ಅದೇ ತಪ್ಪಿಗೆ ನೀವು ತೆರಬೇಕಾದ ಬೆಲೆ ಬಹಳ ಹೆಚ್ಚು.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದ ಸಂಶೋಧಕರು ಹೊಸಬರ ಮತ್ತು ಅನುಭವಿಗಳ ಕಾರುಗಳಲ್ಲಿ ಕ್ಯಾಮೆರಾ ಅಳವಡಿಸಿ, ಅಪಘಾತ ಆಗುವ ಅಥವಾ ಕೂದಲೆಳೆಯಲ್ಲಿ ತಪ್ಪುವ ಕ್ಷಣದಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದನ್ನು ಗಮನಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಫೋನ್‌ನಲ್ಲಿ ನಂಬರ್ ಒತ್ತುವುದು ಹೊಸಬರ ಅಪಾಯವನ್ನು ಸುಮಾರು 8 ಪಟ್ಟು ಹೆಚ್ಚಿಸಿತ್ತು. ಅನುಭವಿಗಳಲ್ಲಿ ಅದು ಸುಮಾರು ಎರಡೂವರೆ ಪಟ್ಟು. ಹೊಸಬರು ಸಂದೇಶ ಕಳಿಸುವಾಗ ಅಥವಾ ಓದುವಾಗ ಅಪಾಯ ಸುಮಾರು 4 ಪಟ್ಟು, ತಿನ್ನುವಾಗ ಸುಮಾರು 3 ಪಟ್ಟು ಹೆಚ್ಚಿತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಅಂಕಿ ಬೇರೆಯದು. ಫೋನ್‌ಗಾಗಿ ಕೈಚಾಚುವುದು 7 ಪಟ್ಟು, ಇನ್ನಾವುದೋ ವಸ್ತುವಿಗಾಗಿ ಕೈಚಾಚುವುದು 8 ಪಟ್ಟು. ಅಂದರೆ ಸೀಟಿನ ಮೇಲೆ ಉರುಳಿದ ನೀರಿನ ಬಾಟಲಿಯೂ ಫೋನಿನಷ್ಟೇ ಅಪಾಯಕಾರಿ.

ಆದ್ದರಿಂದ ಇಲ್ಲಿರುವ ಸಲಹೆಗಳಲ್ಲಿ ಹೆಚ್ಚಿನವು ಗಾಡಿ ನಿಂತಿರುವಾಗ ಮಾಡುವಂಥವು. ಓಡಿಸುವಾಗ ಫೋನ್ ನೋಡುವುದೇ ಇಲ್ಲ ಎಂಬ ಸಂಕಲ್ಪದ ಮೇಲೆ ನನಗೆ ದೊಡ್ಡ ನಂಬಿಕೆ ಇಲ್ಲ. ಪರದೆ ಬೆಳಗಿದರೆ ಕಣ್ಣು ಅತ್ತ ಹೊರಳುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪರದೆಯೇ ಕಾಣದಂತೆ ಮಾಡಿದರೆ ಸಂಕಲ್ಪಕ್ಕೆ ಕೆಲಸವೇ ಉಳಿಯುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಸಂದೇಶ ಯಾರದ್ದು ಎಂದು ನೋಡಿ, ಮೊದಲ ಸಾಲು ಓದಲು 3 ಸೆಕೆಂಡ್ ಹಿಡಿದರೆ 50 ಮೀಟರ್ ರಸ್ತೆಯನ್ನು ಕಣ್ಣುಮುಚ್ಚಿ ದಾಟಿದಂತಾಯಿತು. 80 ಕಿ.ಮೀ. ವೇಗದಲ್ಲಿ 5 ಸೆಕೆಂಡ್ ಎಂದರೆ 110 ಮೀಟರ್. ನಿಧಾನವಾಗಿ ಹೋಗುತ್ತಿದ್ದೇನೆ, ಪರವಾಗಿಲ್ಲ ಎನ್ನುವವರು 30 ಕಿ.ಮೀ. ವೇಗದ ಲೆಕ್ಕವನ್ನೂ ಮಾಡಿಕೊಳ್ಳಬೇಕು: ಸೆಕೆಂಡಿಗೆ 8 ಮೀಟರ್. ಪಾದಚಾರಿಗಳು ದಾಟುವ ಪಟ್ಟೆಯನ್ನು ಪೂರ್ತಿ ಹಾದುಹೋಗಲು ಅಷ್ಟು ಸಾಕು.

ಕಣ್ಣು ರಸ್ತೆಗೆ ಮರಳಿದ ಕೂಡಲೇ ಎಲ್ಲವೂ ಸರಿಹೋಗುವುದಿಲ್ಲ. ಎದುರಿಗಿರುವುದನ್ನು ಗುರುತಿಸಿ, ಕಾಲು ಬ್ರೇಕಿನ ಮೇಲೆ ಬೀಳಲು ಮತ್ತೆ ಒಂದು, ಒಂದೂವರೆ ಸೆಕೆಂಡ್ ಬೇಕು. ಬ್ರೇಕ್ ಹಿಡಿದ ಮೇಲೆ ಗಾಡಿ ಎಳೆದುಕೊಂಡು ಹೋಗುವ ದೂರ ಇದರ ಮೇಲೆ ಬೇರೆ. ಕಣ್ಣು 2 ಸೆಕೆಂಡಿಗಿಂತ ಹೆಚ್ಚು ಹೊತ್ತು ರಸ್ತೆಯಿಂದ ಆಚೆಗಿದ್ದರೆ ಅಪಘಾತದ ಸಂಭವ ಕನಿಷ್ಠ ಇಮ್ಮಡಿಯಾಗುತ್ತದೆ ಎಂದು ವರ್ಜೀನಿಯಾದ ಸಂಶೋಧಕರು 100 ಕಾರುಗಳನ್ನು ಬಳಸಿ ನಡೆಸಿದ ಅಧ್ಯಯನದಲ್ಲಿ ಕಂಡುಕೊಂಡಿದ್ದರು. ಕನ್ನಡಿ ನೋಡುವುದು, ವೇಗದ ಮುಳ್ಳು ನೋಡುವುದು ಒಂದು ಸೆಕೆಂಡಿನೊಳಗೆ ಮುಗಿಯುವ ನೋಟಗಳು. ಅದಕ್ಕಿಂತ ಹೆಚ್ಚು ಹೊತ್ತು ಬೇಡುವ ಯಾವುದನ್ನೂ ಓಡುತ್ತಿರುವ ಗಾಡಿಯಲ್ಲಿ ಮಾಡಬಾರದು ಎಂದು ಇಟ್ಟುಕೊಂಡರೆ ಬೇರೆ ನಿಯಮಗಳ ಉದ್ದ ಪಟ್ಟಿ ಬೇಕಾಗುವುದಿಲ್ಲ.

ಹಂತ 1: ಎಂಜಿನ್ ಶುರುವಾಗುವ ಮೊದಲು

ಸೀಟಿನಲ್ಲಿ ಕುಳಿತು, ಬಾಗಿಲು ಹಾಕಿಕೊಂಡು, ಈ ಕೆಲಸಗಳನ್ನು ಒಂದೇ ಕ್ರಮದಲ್ಲಿ ಪ್ರತಿಸಲವೂ ಮಾಡಿ. ಕ್ರಮ ಬದಲಾಗದಿದ್ದರೆ ಕೆಲವು ವಾರಗಳಲ್ಲಿ ಅದು ತಾನಾಗಿಯೇ ರೂಢಿಯಾಗುತ್ತದೆ.

1. ಸೀಟು, ಸ್ಟೀರಿಂಗ್, ಮೂರೂ ಕನ್ನಡಿಗಳು. ಮನೆಯವರು ಅದೇ ಗಾಡಿ ಓಡಿಸುತ್ತಿದ್ದರೆ ಇವು ಖಂಡಿತ ಬದಲಾಗಿರುತ್ತವೆ. ಓಡುವಾಗ ಕನ್ನಡಿ ಸರಿಪಡಿಸಲು ಹೊರಡುವುದು ಹೊಸಬರು ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗ.
2. ಸೀಟ್‌ಬೆಲ್ಟ್. ನಿಮ್ಮದು ಮಾತ್ರವಲ್ಲ, ಎಲ್ಲರದ್ದೂ.
3. ಗಾಳಿ ಅಥವಾ ಎಸಿ, ಗಾಜಿನ ಮಂಜು ತೆಗೆಯುವ ಗುಂಡಿ. ಹೊಸ ಕಾರುಗಳಲ್ಲಿ ಇವೆಲ್ಲ ಟಚ್ ಪರದೆಯೊಳಗೆ ಸೇರಿಕೊಂಡಿವೆ. ತಿರುಗಿಸುವ ಗುಂಡಿಯನ್ನು ಬೆರಳು ತಾನೇ ಹುಡುಕಿಕೊಳ್ಳುತ್ತದೆ, ನುಣುಪಾದ ಪರದೆಯಲ್ಲಿ ಕಣ್ಣೇ ಹುಡುಕಬೇಕು. ಕಾರು ತಯಾರಕರು ಇದನ್ನು ಸುಧಾರಣೆ ಎಂದು ಮಾರುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.
4. ಹಾಡು ಬೇಕಿದ್ದರೆ ಪಟ್ಟಿ ಆರಿಸಿ, ಶಬ್ದ ಹೊಂದಿಸಿ, ಮತ್ತೆ ಮುಟ್ಟಬೇಡಿ. ಆಂಬ್ಯುಲೆನ್ಸಿನ ಸದ್ದು, ಪಕ್ಕದ ಬೈಕಿನ ಸದ್ದು ಕೇಳುವಷ್ಟಿರಲಿ.
5. ಚೀಲ, ಬಾಟಲಿ, ಕನ್ನಡಕದ ಡಬ್ಬಿ, ಬೀಗದ ಕೈಗೊಂಚಲು ಇವೆಲ್ಲ ಉರುಳದ ಜಾಗಕ್ಕೆ ಹೋಗಲಿ. ಖಾಲಿ ಸೀಟಿನ ಮೇಲೆ ಚೀಲ ಇಡುವವರು ಮೊದಲ ಜೋರು ಬ್ರೇಕಿಗೆ ಅದು ಮುಗ್ಗರಿಸಿ, ಒಳಗಿದ್ದದ್ದೆಲ್ಲ ಕಾಲಬುಡಕ್ಕೆ ಚೆಲ್ಲುವುದನ್ನು ನೋಡಿಯೇ ಇರುತ್ತಾರೆ.
6. ದಾರಿ. ನಕ್ಷೆಯಲ್ಲಿ ಗುರಿ ತುಂಬಿಸಿ, ಪೂರ್ತಿ ಮಾರ್ಗವನ್ನು ಒಮ್ಮೆ ನೋಡಿಕೊಳ್ಳಿ.
7. ಕೊನೆಗೆ ಫೋನ್.

ಹಂತ 2: ಫೋನ್ ಎಲ್ಲಿರಬೇಕು

ಕೈಗೆ ಸಿಗದ ಕಡೆ. ಹಿಂದಿನ ಸೀಟಿನ ಮೇಲಿನ ಚೀಲದೊಳಗೆ, ಅಥವಾ ಮುಂದಿನ ಮುಚ್ಚಳದ ಪೆಟ್ಟಿಗೆಯೊಳಗೆ. ಜೇಬಿನಲ್ಲಿಟ್ಟರೆ ಅದು ನಡುಗಿದ್ದು ತೊಡೆಗೆ ಗೊತ್ತಾಗುತ್ತದೆ, ಆಮೇಲೆ ಮುಂದಿನ ಹತ್ತು ನಿಮಿಷ ಅದು ಯಾರಿರಬಹುದು ಎಂಬ ಯೋಚನೆಯೇ. ಕೈಗಡಿಯಾರಕ್ಕೆ ಸಂದೇಶ ಬರುವಂತೆ ಮಾಡಿಕೊಂಡವರು ಅದನ್ನೂ ಮೌನಕ್ಕೆ ಹಾಕಬೇಕು. ಫೋನ್ ಚೀಲದಲ್ಲಿದ್ದು ಗಡಿಯಾರ ಮಣಿಕಟ್ಟಿನಲ್ಲಿ ಮಿಣುಕುತ್ತಿದ್ದರೆ ಪ್ರಯೋಜನವೇನು?

ಐಫೋನ್ ಆಗಲಿ ಆಂಡ್ರಾಯ್ಡ್ ಆಗಲಿ, ಚಾಲನೆಯ ಹೊತ್ತಿನಲ್ಲಿ ಸೂಚನೆಗಳನ್ನು ತಡೆಹಿಡಿಯುವ ವ್ಯವಸ್ಥೆ ಈಗಿನ ಬಹುತೇಕ ಫೋನ್‌ಗಳಲ್ಲಿದೆ. ಕಾರಿನ ಬ್ಲೂಟೂತ್ ಜೋಡಣೆಯಾದ ಕೂಡಲೇ ಅದು ತಾನಾಗಿ ಚಾಲೂ ಆಗುವಂತೆ ಹೊಂದಿಸಬಹುದು. ಐಫೋನ್‌ನಲ್ಲಿ ‘ಗಾಡಿ ಓಡಿಸುತ್ತಿದ್ದೇನೆ, ಆಮೇಲೆ ಮಾತಾಡುತ್ತೇನೆ’ ಎಂಬಂಥ ಉತ್ತರವನ್ನು ಬರೆದಿಟ್ಟರೆ ಸಂದೇಶ ಕಳಿಸಿದವರಿಗೆ ಅದು ಹೋಗುತ್ತದೆ. ಇದನ್ನು ಒಂದು ಸಂಜೆ ಬಿಡುವಾಗಿ ಕುಳಿತು ಸರಿಪಡಿಸಿಕೊಳ್ಳಿ. ಪ್ರತಿಸಲ ಕೈಯಾರೆ ಒತ್ತಬೇಕಾದ ಗುಂಡಿಯನ್ನು ಅವಸರದ ದಿನ ಯಾರೂ ಒತ್ತುವುದಿಲ್ಲ.

ಮನೆಯವರೊಂದಿಗೂ ಒಂದು ಮಾತು ಆಡಿಕೊಳ್ಳಬೇಕು. ಹೊಸ ಚಾಲಕರಿಗೆ ಹೆಚ್ಚು ಕರೆ ಮಾಡುವವರು ಅವರ ಬಗ್ಗೆಯೇ ಆತಂಕಪಡುವ ಅಪ್ಪ ಅಮ್ಮ. ತಲುಪಿದೆಯಾ ಎಂದು ಕೇಳುವ ಕರೆ ನಡುದಾರಿಯಲ್ಲಿ ಬಂದರೆ ಅದರಿಂದಾಗುವುದು ಒಳ್ಳೆಯದಲ್ಲ. ‘ಇಷ್ಟು ಹೊತ್ತಿಗೆ ಹೊರಡುತ್ತೇನೆ, ತಲುಪಿದ ಮೇಲೆ ನಾನೇ ಹೇಳುತ್ತೇನೆ, ನಡುವೆ ಕರೆದರೆ ಎತ್ತುವುದಿಲ್ಲ, ಗಾಬರಿಯಾಗಬೇಡಿ’ ಎಂದು ಮೊದಲೇ ಹೇಳಿಬಿಡಿ. ಮತ್ತು ಹೇಳಿದಂತೆ ತಲುಪಿದ ಮೇಲೆ ನಿಜವಾಗಿಯೂ ಕರೆ ಮಾಡಿ. ಒಮ್ಮೆ ಮರೆತರೆ ಮರುದಿನದಿಂದ ನಡುದಾರಿಯ ಕರೆಗಳು ಮತ್ತೆ ಶುರುವಾಗುತ್ತವೆ.

ಕೈಯಲ್ಲಿ ಹಿಡಿಯದೆ, ಸ್ಪೀಕರಿನಲ್ಲೋ ಕಿವಿಯ ಇಯರ್‌ಫೋನಿನಲ್ಲೋ ಮಾತಾಡಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಎಷ್ಟೋ ದೇಶಗಳ ಕಾನೂನು ಇದಕ್ಕೆ ಅವಕಾಶ ಕೊಟ್ಟಿರುವುದರಿಂದ ಇದು ಸುರಕ್ಷಿತ ಎಂಬ ಭಾವನೆ ಬೆಳೆದಿದೆ. ಓಡಿಸುವಾಗ ಫೋನ್ ಬಳಸುವವರು ಅಪಘಾತಕ್ಕೆ ಸಿಲುಕುವ ಸಂಭವ ಬಳಸದವರಿಗಿಂತ ಸುಮಾರು 4 ಪಟ್ಟು ಹೆಚ್ಚು ಎಂದು ಹೇಳುವ ವಿಶ್ವ ಆರೋಗ್ಯ ಸಂಸ್ಥೆ, ಫೋನ್ ಹಿಡಿಯದೆ ಮಾತಾಡುವುದು ಕೈಯಲ್ಲಿ ಹಿಡಿದು ಮಾತಾಡುವುದಕ್ಕಿಂತ ಹೇಳಿಕೊಳ್ಳುವಷ್ಟು ಸುರಕ್ಷಿತವಲ್ಲ ಎಂದೂ ಹೇಳುತ್ತದೆ. ಕೈ ಖಾಲಿಯಾದರೂ ತಲೆ ಖಾಲಿಯಾಗದಿರುವುದೇ ಇದಕ್ಕೆ ಕಾರಣ. ಧ್ವನಿಯಲ್ಲಿ ಆಜ್ಞೆ ಕೊಡುವ ವ್ಯವಸ್ಥೆಗಳದ್ದೂ ಇದೇ ಕಥೆ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲವು ವ್ಯವಸ್ಥೆಗಳಲ್ಲಿ ಆಜ್ಞೆ ಕೊಟ್ಟು ಮುಗಿಸಿದ ಮೇಲೂ 27 ಸೆಕೆಂಡುಗಳವರೆಗೆ ಚಾಲಕನ ಗಮನ ಪೂರ್ತಿ ರಸ್ತೆಗೆ ಮರಳಿರಲಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 300 ಮೀಟರ್ ದಾಟಿರುತ್ತದೆ. ಕೆಂಪು ದೀಪದಲ್ಲಿ ನಿಂತಾಗ ಸಂದೇಶಕ್ಕೆ ಉತ್ತರಿಸಿ, ಹಸಿರು ಬಂದ ಕೂಡಲೇ ಹೊರಡುವವರು ಇದನ್ನು ಗಮನಿಸಬೇಕು: ನಾಲ್ಕು ದಿಕ್ಕಿನಿಂದ ಜನ, ಗಾಡಿ ನುಗ್ಗುವ ಜಾಗವನ್ನೇ ಅವರು ಅರೆಗಮನದಲ್ಲಿ ದಾಟುತ್ತಿರುತ್ತಾರೆ.

ಮೊದಲ ವರ್ಷ ಕರೆಯೇ ಬೇಡ. ಸ್ಪೀಕರಿನಲ್ಲೂ ಬೇಡ.

ಹಂತ 3: ನಕ್ಷೆಯನ್ನು ಕೇಳಿ, ನೋಡಬೇಡಿ

ದಾರಿ ಗೊತ್ತಿಲ್ಲದ ಕಡೆ ನಕ್ಷೆ ಬೇಕೇ ಬೇಕು. ಆಗ ಫೋನನ್ನು ಗಟ್ಟಿಯಾದ ಹಿಡಿಕೆಯಲ್ಲಿ, ಗಾಜಿನ ನೋಟಕ್ಕೆ ಅಡ್ಡಬರದಂತೆ, ಕಣ್ಣೆತ್ತಿದರೆ ಕಾಣುವ ಎತ್ತರದಲ್ಲಿ ಕೂರಿಸಿ. ತೊಡೆಯ ಮೇಲೆ ಇಡುವುದು, ಗೇರಿನ ಪಕ್ಕದ ಲೋಟದ ಗೂಡಿನಲ್ಲಿ ನಿಲ್ಲಿಸುವುದು ಎರಡೂ ಕಣ್ಣನ್ನು ಕೆಳಕ್ಕೆ ಎಳೆಯುತ್ತವೆ. ಧ್ವನಿಯ ಸೂಚನೆ ಜೋರಾಗಿರಲಿ, ಹಾಡು ಬಂದ್ ಆಗಿರಲಿ.

ಹೊರಡುವ ಮೊದಲು ಮಾರ್ಗವನ್ನು ನಾಲ್ಕೈದು ತುಂಡುಗಳಾಗಿ ಬಾಯಲ್ಲಿ ಹೇಳಿಕೊಳ್ಳುವುದು ಒಳ್ಳೆಯ ಉಪಾಯ: ದೊಡ್ಡ ರಸ್ತೆಯಲ್ಲಿ ನೇರ, ಸೇತುವೆ ದಾಟಿದ ಮೇಲೆ ಬಲಕ್ಕೆ, ಎರಡನೆಯ ಸಿಗ್ನಲ್‌ನಲ್ಲಿ ಎಡಕ್ಕೆ. ಹೀಗೆ ತಲೆಯಲ್ಲಿ ಸ್ಥೂಲವಾದ ಚಿತ್ರ ಇದ್ದರೆ ಪ್ರತಿ ತಿರುವಿಗೂ ಪರದೆಯನ್ನು ನಂಬಿ ಕೂರಬೇಕಾಗಿಲ್ಲ.

ಇನ್ನು, ತಿರುವು ತಪ್ಪುತ್ತದೆ. ಎಲ್ಲರಿಗೂ ತಪ್ಪುತ್ತದೆ. ಆ ಕ್ಷಣದಲ್ಲಿ ಹೊಸಬರು ಮಾಡುವ ಎರಡು ಕೆಲಸಗಳು, ತಟ್ಟನೆ ಅಡ್ಡಕ್ಕೆ ಎಳೆಯುವುದು ಮತ್ತು ನಕ್ಷೆಯತ್ತ ಬಗ್ಗಿ ನೋಡುವುದು, ಎರಡೂ ತಿರುವು ತಪ್ಪಿದ್ದಕ್ಕಿಂತ ಕೆಟ್ಟವು. ನೇರವಾಗಿ ಮುಂದೆ ಹೋಗಿ. ನಕ್ಷೆ ತಾನಾಗಿ ಹೊಸ ದಾರಿ ಹುಡುಕುತ್ತದೆ. ಹುಡುಕದಿದ್ದರೆ ಮುಂದೆ ಎಲ್ಲಾದರೂ ನಿಲ್ಲಿಸಿ ನೋಡಿದರಾಯಿತು. ತಡವಾದರೆ ಅಷ್ಟೇ ತಾನೆ, ಐದು ನಿಮಿಷ.

ಹಂತ 4: ಬಿದ್ದದ್ದು ಬಿದ್ದಿರಲಿ

ಬಾಟಲಿಯೊಂದು ಕೆಳಗೆ ಉರುಳಿತು ಎಂದುಕೊಳ್ಳಿ. ಚಾಲಕ ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಇನ್ನೊಂದನ್ನು ಕೆಳಕ್ಕೆ ಚಾಚುತ್ತಾನೆ. ಬೆರಳಿಗೆ ಸಿಗುವುದಿಲ್ಲ. ಭುಜ ಬಗ್ಗಿಸುತ್ತಾನೆ. ಭುಜ ಬಗ್ಗಿದಾಗ ಸ್ಟೀರಿಂಗ್ ಹಿಡಿದ ಕೈಯೂ ಅದೇ ದಿಕ್ಕಿಗೆ ಜಗ್ಗುತ್ತದೆ, ಗಾಡಿ ತನ್ನ ಸಾಲು ಬಿಟ್ಟು ಆಚೆ ವಾಲುತ್ತದೆ. ತಲೆ ಡ್ಯಾಶ್‌ಬೋರ್ಡಿನ ಕೆಳಗಿಳಿದಿರುವುದರಿಂದ ವಾಲಿದ್ದು ಕಾಣುವುದಿಲ್ಲ. ತಲೆ ಎತ್ತಿದಾಗ ಗಾಬರಿಯಲ್ಲಿ ಎದುರು ದಿಕ್ಕಿಗೆ ಜೋರಾಗಿ ತಿರುಗಿಸುತ್ತಾನೆ. ಇಷ್ಟೂ ನಡೆಯುವುದು ಎರಡು ಮೂರು ಸೆಕೆಂಡಿನಲ್ಲಿ.

ಬಿದ್ದದ್ದನ್ನು ಎತ್ತಬೇಡಿ. ಕಿಟಕಿಯಿಂದ ದುಂಬಿ ಒಳಗೆ ಬಂದರೂ ಅಷ್ಟೇ: ಕೈ ಬೀಸಿ ಓಡಿಸಲು ಹೋಗಬೇಡಿ, ಕಿಟಕಿ ಇಳಿಸಿ, ವೇಗ ತಗ್ಗಿಸಿ, ಪಕ್ಕಕ್ಕೆ ನಿಲ್ಲಿಸಿ. ಬಾಟಲಿ ಕಾಲಬುಡಕ್ಕೆ, ಅದರಲ್ಲೂ ಬ್ರೇಕಿನ ಹಿಂದೆ ಸೇರಿದ್ದರೆ ಮಾತ್ರ ವಿಷಯ ಗಂಭೀರ. ಆಗಲೂ ಬಗ್ಗುವುದಲ್ಲ, ಆಕ್ಸಿಲರೇಟರ್ ಬಿಟ್ಟು, ಅಪಾಯಸೂಚಕ ದೀಪ ಹಾಕಿ, ಗೇರ್ ಇಳಿಸುತ್ತ ವೇಗ ತಗ್ಗಿಸಿ ಬದಿಗೆ ತರಬೇಕು. ಚಾಲಕನ ಕಾಲಬುಡದಲ್ಲಿ ಏನೂ ಇಡಬಾರದು, ಕಳಚಿದ ಚಪ್ಪಲಿಯನ್ನೂ ಇಡಬಾರದು ಎನ್ನುವುದು ಇದಕ್ಕೇ.

ತಿಂಡಿ, ಬಿಸಿ ಕಾಫಿ, ಮುಖಕ್ಕೆ ಕ್ರೀಮ್, ತಲೆ ಬಾಚುವುದು: ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಂತು ಮಾಡಿ.

ಹಂತ 5: ಜೊತೆಗೆ ಕುಳಿತವರು

ಪಕ್ಕದಲ್ಲಿ ಕುಳಿತವರ ಮಾತು ಫೋನಿನ ಮಾತಿನಂತೆಯೇ ಅಲ್ಲವೇ ಎಂದರೆ, ಪೂರ್ತಿ ಅಲ್ಲ. ಪಕ್ಕದಲ್ಲಿರುವವರಿಗೆ ರಸ್ತೆ ಕಾಣುತ್ತದೆ. ಎದುರಿನಿಂದ ಲಾರಿ ಬಂದಾಗ ಅವರು ಮಾತು ನಿಲ್ಲಿಸುತ್ತಾರೆ, ‘ನೋಡಿ, ಮಗು ಓಡುತ್ತಿದೆ’ ಎಂದು ಎಚ್ಚರಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಇದಾವುದೂ ಗೊತ್ತಾಗುವುದಿಲ್ಲ, ಉತ್ತರ ತಡವಾದರೆ ‘ಕೇಳಿಸುತ್ತಿದೆಯಾ?’ ಎನ್ನುತ್ತಾರೆ. ಚಾಲನೆ ಬಲ್ಲ, ಸಮಾಧಾನದ ಹಿರಿಯರೊಬ್ಬರು ಜೊತೆಗಿದ್ದರೆ ಹೊಸಬರಿಗೆ ಲಾಭವೇ ಹೆಚ್ಚು.

ತೊಂದರೆ ಬರುವುದು ಓರಗೆಯ ಗೆಳೆಯರ ಗುಂಪಿನಿಂದ. ಹದಿಹರೆಯದ ಚಾಲಕನ ಗಾಡಿಯಲ್ಲಿ ಅದೇ ವಯಸ್ಸಿನವರು ಹೆಚ್ಚಿದಷ್ಟೂ ಮಾರಕ ಅಪಘಾತದ ಅಪಾಯ ಏರುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದಕ್ಕಾಗಿಯೇ ಅಮೆರಿಕದ ಅನೇಕ ರಾಜ್ಯಗಳು, ಆಸ್ಟ್ರೇಲಿಯಾದ ಕೆಲವು ರಾಜ್ಯಗಳು ಹೊಸ ಪರವಾನಗಿಯವರ ಗಾಡಿಯಲ್ಲಿ ಎಷ್ಟು ಮಂದಿ ಎಳೆಯರು ಇರಬಹುದು ಎಂಬುದಕ್ಕೆ ಮಿತಿ ಹಾಕಿವೆ. ನಿಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೆ ನೀವೇ ಹಾಕಿಕೊಳ್ಳಿ: ಮೊದಲ ಆರು ತಿಂಗಳು ಒಬ್ಬರಿಗಿಂತ ಹೆಚ್ಚು ಗೆಳೆಯರು ಬೇಡ.

ಜೊತೆಗಿರುವವರಿಗೆ ಕೆಲಸ ಕೊಡಿ. ನಕ್ಷೆ ನೋಡುವುದು, ಕರೆಗೆ ಉತ್ತರಿಸುವುದು, ಹಾಡು ಬದಲಿಸುವುದು ಅವರ ಪಾಲು. ಮಾತು ಜಗಳದತ್ತ ತಿರುಗಿದರೆ ‘ಇದನ್ನು ಇಳಿದ ಮೇಲೆ ಮಾತಾಡೋಣ’ ಎನ್ನಲು ಸಂಕೋಚ ಬೇಡ. ಮಾತಾಡುವಾಗ ಮುಖ ನೋಡುವುದು ನಮ್ಮ ಅಭ್ಯಾಸ; ಗಾಡಿ ಓಡಿಸುವಾಗ ಮುಖ ನೋಡದೆ ಉತ್ತರಿಸಿದರೆ ಅದು ಅಸಡ್ಡೆಯಲ್ಲ ಎಂದು ಗೆಳೆಯರಿಗೆ ಒಮ್ಮೆ ಹೇಳಿಟ್ಟರೆ ಸಾಕು.

ಪುಟ್ಟ ಮಕ್ಕಳ ವಿಷಯ ಬೇರೆ. ಹಿಂದೆ ಮಗು ಅತ್ತರೆ ಯಾವ ತಾಯಿ ತಂದೆಯೂ ಕಲ್ಲಾಗಿ ಕೂರಲಾರರು, ಹಾಗೆ ಕೂರಿ ಎಂದು ಹೇಳುವುದೂ ಸುಳ್ಳು ಸಲಹೆ. ಸಾಧ್ಯವಾದಾಗ ಇನ್ನೊಬ್ಬ ದೊಡ್ಡವರು ಹಿಂದೆ ಕೂರಲಿ. ಇಲ್ಲವಾದರೆ ಅಳುವುದು ಎಂಬ ಲೆಕ್ಕದಲ್ಲೇ ಸಮಯ ಇಟ್ಟುಕೊಂಡು ಹೊರಡಿ, ಎರಡು ಸಲ ನಿಲ್ಲಿಸುವಷ್ಟು. ಕೈಯಿಂದ ಬಿದ್ದ ಆಟಿಕೆಯನ್ನು ಓಡುವ ಗಾಡಿಯಲ್ಲಿ ತೆಗೆದುಕೊಡುವುದಿಲ್ಲ ಎಂಬುದು ಮಗುವಿಗೂ ಕೆಲವು ದಿನಗಳಲ್ಲಿ ಅರ್ಥವಾಗುತ್ತದೆ. ಸಾಕುನಾಯಿ, ಬೆಕ್ಕು ಇದ್ದರೆ ಅವು ಕಟ್ಟಿನಲ್ಲೋ ಗೂಡಿನಲ್ಲೋ ಇರಲಿ.

ಹಂತ 6: ಮನಸ್ಸು ಅಲೆಯುವಾಗ

ಫೋನ್ ಚೀಲದಲ್ಲಿದೆ, ಗಾಡಿಯಲ್ಲಿ ಬೇರೆ ಯಾರೂ ಇಲ್ಲ, ಹಾಡೂ ಇಲ್ಲ. ಆದರೂ ಕಳೆದ ಎರಡು ತಿರುವುಗಳನ್ನು ಹೇಗೆ ದಾಟಿದೆ ಎಂಬುದೇ ನೆನಪಿಲ್ಲ. ಬೆಳಿಗ್ಗೆ ಕೇಳಿದ ಒಂದು ಮಾತು, ನಾಳಿನ ಪರೀಕ್ಷೆ, ಕಚೇರಿಯ ಕಿರಿಕಿರಿ ತಲೆಯಲ್ಲಿ ಸುತ್ತುತ್ತಿರುತ್ತದೆ. ಇದಕ್ಕೆ ಯಾವ ಗುಂಡಿಯೂ ಇಲ್ಲ.

ಹೊಸ ಚಾಲಕರ ನೋಟ ಗಾಡಿಯ ಮೂತಿಯ ಹತ್ತಿರವೇ ನೆಟ್ಟಿರುತ್ತದೆ, ಕನ್ನಡಿಗಳನ್ನು ಅವರು ಅನುಭವಿಗಳಿಗಿಂತ ಕಡಿಮೆ ನೋಡುತ್ತಾರೆ ಎಂಬುದು 1972ರಷ್ಟು ಹಿಂದೆಯೇ ಕಣ್ಣಿನ ಚಲನೆ ಅಳೆದವರಿಗೆ ಕಂಡಿತ್ತು. ಮನಸ್ಸು ಅಲೆದಾಗ ಈ ನೋಟ ಇನ್ನೂ ಕಿರಿದಾಗುತ್ತದೆ. ಹಾಗಾಗಿ ಕಣ್ಣಿಗೆ ಕೆಲಸ ಕೊಡುವುದೇ ಮನಸ್ಸನ್ನು ಕಟ್ಟಿಹಾಕುವ ದಾರಿ. ಕಂಡದ್ದನ್ನು ಸಣ್ಣ ದನಿಯಲ್ಲಿ ಬಾಯಿಬಿಟ್ಟು ಹೇಳಿ: ‘ಮುಂದೆ ಬಸ್ ನಿಂತಿದೆ, ಯಾರಾದರೂ ಅದರ ಎದುರಿನಿಂದ ದಾಟಬಹುದು. ಹಿಂದೆ ಬೈಕ್ ಹತ್ತಿರ ಬರುತ್ತಿದೆ. ನಿಂತ ಕಾರಿನ ಬಾಗಿಲು ತೆರೆಯಬಹುದು.’ ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲಿ ಇಂಥ ವಿವರಣೆ ಹಳೆಯ ಪದ್ಧತಿ. ಮೊದಮೊದಲು ನಾಚಿಕೆಯಾಗಬಹುದು, ಗಾಜು ಏರಿಸಿದ್ದರೆ ಕೇಳುವವರು ಯಾರು? ವಿವರಣೆಯಲ್ಲಿ ಬಸ್ಸು, ಬೈಕುಗಳ ನಡುವೆ ಕಚೇರಿಯ ಮೇಲಧಿಕಾರಿ ನುಸುಳಿದ ಕೂಡಲೇ ಗಮನ ತಪ್ಪಿತೆಂದು ನಿಮಗೇ ಗೊತ್ತಾಗುತ್ತದೆ.

ಅಪಘಾತವಾದ ಜಾಗ ದಾಟುವಾಗಲೂ ಈ ಅಭ್ಯಾಸ ನೆರವಿಗೆ ಬರುತ್ತದೆ. ಅಲ್ಲಿ ಎಲ್ಲರ ಕತ್ತೂ ಒಂದೇ ಕಡೆ ತಿರುಗಿರುತ್ತದೆ, ಮುಂದಿನ ಗಾಡಿಯೂ ನೋಡಲೆಂದು ತಟ್ಟನೆ ನಿಧಾನಿಸುತ್ತದೆ. ನಿಮ್ಮ ಕಣ್ಣು ಅದರ ಬ್ರೇಕ್ ದೀಪದ ಮೇಲಿರಲಿ.

ಸಿಟ್ಟು ನೆತ್ತಿಗೇರಿದಾಗ, ಅತ್ತು ಕಣ್ಣು ತುಂಬಿದಾಗ, ನಿದ್ದೆ ಎಳೆಯುವಾಗ ಹೊರಡಬೇಡಿ. ನಿದ್ದೆಗೆ ಕಿಟಕಿಯ ಗಾಳಿ, ಜೋರು ಹಾಡು ಮದ್ದಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 15–20 ನಿಮಿಷ ಮಲಗುವುದೇ ಮದ್ದು.

ಹಂತ 7: ನಿಲ್ಲಿಸಲು ಕಲಿಯಿರಿ

‘ಪಕ್ಕಕ್ಕೆ ನಿಲ್ಲಿಸಿ’ ಎಂದು ಇಷ್ಟು ಸಲ ಹೇಳಿದೆ, ಆದರೆ ಹೊಸಬರಿಗೆ ಅದೇ ಕಷ್ಟದ ಕೆಲಸ. ನಿಲ್ಲಿಸಲು ಹೆದರಿಕೆಯಾಗುವುದರಿಂದಲೇ ಎಷ್ಟೋ ಜನ ಓಡುತ್ತಲೇ ಕರೆ ಎತ್ತುತ್ತಾರೆ. ಇದನ್ನು ಬೇರೆಯಾಗಿ ಅಭ್ಯಾಸ ಮಾಡಿ: ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಭುಜದಾಚೆ ಒಮ್ಮೆ ಕಣ್ಣಾಡಿಸಿ, ನಿಧಾನವಾಗಿ ರಸ್ತೆಯಿಂದ ಪೂರ್ತಿ ಹೊರಗೆ ತಂದು, ಗೇರ್ ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಅಪಾಯಸೂಚಕ ದೀಪ ಹಾಕಿ. ತಿರುವಿನಲ್ಲಿ, ಸೇತುವೆಯ ಮೇಲೆ, ದಿಬ್ಬದ ನೆತ್ತಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ನಿಲ್ಲಬೇಡಿ; ಪೆಟ್ರೋಲ್ ಬಂಕ್ ಅಥವಾ ತಂಗುದಾಣ ಬರುವವರೆಗೆ ಕಾಯಿರಿ. ದಿನನಿತ್ಯದ ದಾರಿಯಲ್ಲಿ ಹೀಗೆ ನಿಲ್ಲಬಹುದಾದ ಜಾಗಗಳು ಎಲ್ಲೆಲ್ಲಿವೆ ಎಂದು ಗುರುತಿಟ್ಟುಕೊಂಡರೆ ಅರ್ಧ ಹೆದರಿಕೆ ಕಳೆಯುತ್ತದೆ.

ಕೈ ಕುದುರಿದ ಮೇಲೆ

ಮೇಲೆ ಹೇಳಿದ 2014ರ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ತಿಂಗಳುಗಳು ಕಳೆದಂತೆ ಹೊಸಬರು ಓಡಿಸುವಾಗ ಬೇರೆ ಕೆಲಸಗಳಲ್ಲಿ ತೊಡಗುವುದು ಹೆಚ್ಚುತ್ತ ಹೋಯಿತು. ಮೊದಲ ವಾರಗಳಲ್ಲಿ ಭಯವೇ ಕಾಯುತ್ತಿರುತ್ತದೆ, ಮೈಯೆಲ್ಲ ಕಣ್ಣಾಗಿರುತ್ತದೆ. ಗೇರ್ ತಾನಾಗಿ ಬೀಳತೊಡಗಿದಾಗ ಭಯ ಹೋಗುತ್ತದೆ, ಆದರೆ ಅಪಾಯವನ್ನು ಮೊದಲೇ ಗುರುತಿಸುವ ಕಣ್ಣು ಅಷ್ಟು ಬೇಗ ಬಂದಿರುವುದಿಲ್ಲ. ನಾನು ಹೆಚ್ಚು ಅಂಜುವುದು ಮೊದಲ ದಿನದ ಚಾಲಕನಿಗಲ್ಲ, ನಾಲ್ಕನೆಯ ತಿಂಗಳಿನವನಿಗೆ.

ಆದ್ದರಿಂದ ಸಡಿಲಿಕೆಗಳನ್ನು ಒಂದೊಂದಾಗಿ ಮಾತ್ರ ತನ್ನಿ. ಪರಿಚಿತ ದಾರಿಯಲ್ಲಿ, ಹಗಲಿನಲ್ಲಿ, ಒಬ್ಬರೇ ಇರುವಾಗ ಸಣ್ಣ ದನಿಯ ಹಾಡಿನಿಂದ ಶುರುಮಾಡಬಹುದು. ಅದು ಅಡ್ಡಿಯಾಗುತ್ತಿಲ್ಲ ಎಂದಾದರೆ ಒಬ್ಬ ಗೆಳೆಯ. ಪರಿಸ್ಥಿತಿ ಹೊಸದಾದರೆ, ಅಂದರೆ ಮೊದಲ ಮಳೆ, ಮೊದಲ ರಾತ್ರಿ ಪ್ರಯಾಣ, ಮೊದಲ ಹೆದ್ದಾರಿ, ಬೇರೆಯವರ ಗಾಡಿ, ಆಗ ಹಾಡೂ ಬೇಡ, ಹರಟೆಯೂ ಬೇಡ. ಫೋನ್ ಮಾತ್ರ ಈ ಪಟ್ಟಿಗೆ ಎಂದೂ ಸೇರುವುದಿಲ್ಲ. ಅದರ ಜಾಗ ಹಿಂದಿನ ಸೀಟಿನ ಚೀಲವೇ.